ಮೈಮೇಲೆ ಹಾರುವ ನಾಯಿ: ನಿಮ್ಮ ಮನೆಗೆ ಯಾವ ಪಾಠ ಸರಿ?

ಎಳೆ ನಾಯಿ ಇರುವ ಮನೆಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬಂದವರ ಮೈಮೇಲೆ ಹಾರುತ್ತೆ, ಏನು ಮಾಡೋದು? ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಬೆನ್ನು ತಿರುಗಿಸಿ ನಿಲ್ಲಿ ಅಂತ ಒಬ್ಬರು. ಮೊದಲು ಕೂರೋದು ಕಲಿಸಿ ಅಂತ ಇನ್ನೊಬ್ಬರು. ಮಂಡಿ ಎತ್ತಿ ಎದೆಗೆ ಕೊಡಿ, ಬುದ್ಧಿ ಬರುತ್ತೆ ಅಂತ ಮತ್ತೊಬ್ಬರು. ಸುಮ್ನೆ ಟ್ರೈನರ್ ಹತ್ರ ಬಿಡಿ ಅನ್ನುವವರೂ ಇದ್ದಾರೆ. ಎಲ್ಲವನ್ನೂ ಎರಡೆರಡು ದಿನ ಮಾಡಿ ನೋಡಿ, ಯಾವುದೂ ಆಗಲಿಲ್ಲ ಅಂತ ಕೈಚೆಲ್ಲಿದವರು ನನಗೆ ಎಷ್ಟೋ ಜನ ಗೊತ್ತು. ನಾನೂ ಹಾಗೇ ಮಾಡಿದ್ದೆ.

ಇವುಗಳಲ್ಲಿ ಹೆಚ್ಚಿನವು ನಾಯಿಗೆ ಅರ್ಥವಾಗುವ ಪಾಠಗಳೇ. ಎಡವೋದು ಮನುಷ್ಯರು. ಅಪ್ಪ ಬೆನ್ನು ತಿರುಗಿಸುತ್ತಾರೆ, ಮಗ ತಬ್ಬಿಕೊಳ್ಳುತ್ತಾನೆ, ಬಂದ ನೆಂಟರು ಕಿರುಚುತ್ತಾರೆ. ಹಾಗಾಗಿ ಯಾವ ವಿಧಾನ ಎಲ್ಲಕ್ಕಿಂತ ಒಳ್ಳೆಯದು ಅಂತ ಹುಡುಕಬೇಡಿ. ನಿಮ್ಮ ಮನೆಯವರೂ ಬಂದುಹೋಗುವವರೂ ಸೇರಿ ಯಾವುದನ್ನು ದಿನಾ ತಪ್ಪದೆ ಮಾಡಬಲ್ಲರು ಅಂತ ನೋಡಿ.

ಹಾರೋದು ಯಾಕೆ?

ಮರಿಗಳು ತಾಯಿಯ ಬಾಯಿಯ ಅಂಚನ್ನು ನೆಕ್ಕುತ್ತವೆ. ತೋಳದ ಮರಿಗಳು ಹೀಗೆ ನೆಕ್ಕಿದರೆ ದೊಡ್ಡವು ತಿಂದುಬಂದ ಆಹಾರವನ್ನು ಅವಕ್ಕಾಗಿ ಕಕ್ಕುತ್ತವೆ. ನಮ್ಮ ನಾಯಿಯ ಮೈಯಲ್ಲೂ ಆ ಅಭ್ಯಾಸದ ಎಳೆ ಉಳಿದಿದೆ. ಪ್ರೀತಿ ತೋರಿಸಲು ಅದಕ್ಕೆ ಮುಖ ಬೇಕು, ನಮ್ಮ ಮುಖವೋ ಐದಡಿ ಮೇಲಿದೆ. ಹಾರದೆ ಇನ್ನೇನು ಮಾಡುತ್ತೆ, ಅಲ್ವಾ?

ಜೊತೆಗೆ ನಾವೇ ಕಲಿಸಿದ್ದೂ ಇದೆ. 2 ಕಿಲೋ ಇದ್ದಾಗ ಕಾಲಿಗೆ ಎರಡು ಪಂಜ ಇಟ್ಟರೆ ಬಗ್ಗಿ ಎತ್ತಿಕೊಂಡೆವು. ಅದೇ ಮರಿ 20 ಕಿಲೋ ಆದಾಗ ಗದರಿದೆವು. ನಿಯಮ ಬದಲಾಗಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಸುಮಾರು 6 ತಿಂಗಳಿಂದ ಒಂದೂವರೆ ವರ್ಷದವರೆಗೆ ಅದರ ಹದಿಹರೆಯ. ದೊಡ್ಡ ತಳಿಗಳಲ್ಲಿ ಎರಡು ವರ್ಷಕ್ಕೂ ಎಳೆಯುವುದುಂಟು. ಮೈಯಲ್ಲಿ ಶಕ್ತಿ ಉಕ್ಕುತ್ತಿರುತ್ತದೆ, ತಡೆದುಕೊಳ್ಳುವ ಬುದ್ಧಿ ಇನ್ನೂ ಬಲಿತಿರುವುದಿಲ್ಲ. ಪಾಠ ಮರೆತಂತೆ ಕಾಣುವುದೂ ಈ ವಯಸ್ಸಿನಲ್ಲೇ. ಹಟ ಅಂತ ತಿಳಿದು ಸಿಟ್ಟಾಗಬೇಡಿ, ಪಾಪ.

ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು

ಮೊದಲನೆಯದು, ಬಾಗಿಲಿಗೆ ಯಾರು ಬರುತ್ತಾರೆ? ಮನೆಯಲ್ಲಿ ವಯಸ್ಸಾದವರು, ಗರ್ಭಿಣಿ ಅಥವಾ ನಡೆಯಲು ಕಲಿಯುತ್ತಿರುವ ಮಗು ಇದ್ದರೆ "ನಿಧಾನಕ್ಕೆ ಕಲಿಯುತ್ತೆ ಬಿಡಿ" ಅನ್ನುವ ವಿಧಾನ ಆಗಲ್ಲ. ಒಂದು ಸಲ ಬಿದ್ದರೂ ಜಾಸ್ತಿಯೇ. ಅಂಥ ಮನೆಗೆ ಇವತ್ತೇ ಹಾರಾಟ ನಿಲ್ಲಿಸುವ ಏರ್ಪಾಡು ಬೇಕು, ಕಲಿಕೆ ಅದರ ಬೆನ್ನಿಗೇ ನಡೆಯಲಿ.

ಎರಡನೆಯದು, ಎಷ್ಟು ಜನ ಒಂದೇ ನಿಯಮ ಪಾಲಿಸುತ್ತಾರೆ? ಒಬ್ಬರೇ ಇರುವ ಮನೆಗೂ ಆರು ಜನರ ಮನೆಗೂ ಇಲ್ಲಿ ತುಂಬಾ ವ್ಯತ್ಯಾಸ.

ಮೂರನೆಯದು, ನಿಮ್ಮ ನಾಯಿಗೆ ಬೇಕಾಗಿರೋದೇನು? ಕೆಲವಕ್ಕೆ ನಿಮ್ಮ ನೋಟ ಬೇಕು, ಕೆಲವಕ್ಕೆ ಆಟ ಬೇಕು. ಕೆಲವು ತಿಂಡಿ ಕಂಡರೆ ಪ್ರಪಂಚವನ್ನೇ ಮರೆಯುತ್ತವೆ. ಅಪರೂಪಕ್ಕೆ ಭಯದಿಂದ ಹಾರುವ ನಾಯಿಗಳೂ ಇವೆ. ಅವು ಹಾರಿದ ಮೇಲೆ ಹಿಂದೆ ಸರಿಯುತ್ತವೆ, ಬಾಲ ಮುದುರಿಕೊಳ್ಳುತ್ತವೆ, ತುಟಿ ನೆಕ್ಕಿಕೊಳ್ಳುತ್ತವೆ. ಗುರುಗುಟ್ಟಿ ಹಾರುವುದು, ಬಟ್ಟೆ ಕಚ್ಚಿ ಬಿಡದಿರುವುದು ಕಂಡರೆ ಈ ಬರಹದ ಯಾವ ಉಪಾಯವನ್ನೂ ಹಿಡಿಯುವ ಮುಂಚೆ ಪಶುವೈದ್ಯರಿಗೆ ತೋರಿಸಿ.

ಉಳಿದದ್ದು ಸಮಯ ಮತ್ತು ದುಡ್ಡು. ಇಲ್ಲಿ ಹೇಳುವ ಹೆಚ್ಚಿನ ಪಾಠಗಳಿಗೆ ಬೇಕಾದ್ದು ದಿನಕ್ಕೆ ಎರಡು ಮೂರು ಸಲ, ಐದೈದು ನಿಮಿಷ. ದುಡ್ಡು ಬೇಕಾಗೋದು ಗೇಟು ಕೊಳ್ಳಲು ಅಥವಾ ಟ್ರೈನರ್‌ಗೆ.

ಬೆನ್ನು ತಿರುಗಿಸಿ ನಿಲ್ಲುವುದು

ಎಲ್ಲರೂ ಮೊದಲು ಹೇಳುವ ಉಪಾಯ ಇದು. ನಾಯಿ ಹಾರಿದ ತಕ್ಷಣ ನೋಡಬೇಡಿ, ಮಾತಾಡಬೇಡಿ, ಮುಟ್ಟಬೇಡಿ, ತಿರುಗಿ ನಿಲ್ಲಿ. ನಾಲ್ಕು ಕಾಲೂ ನೆಲ ಮುಟ್ಟಿದ ಕ್ಷಣಕ್ಕೆ ತಿರುಗಿ ಮೆಲ್ಲಗೆ ಮಾತಾಡಿಸಿ. ಹಾರಿದರೆ ನೀವು ಸಿಗಲ್ಲ, ಹಾರದಿದ್ದರೆ ಸಿಗುತ್ತೀರಿ. ನಾಯಿಗೆ ತಿಳಿಯಬೇಕಾದ್ದು ಅಷ್ಟೇ.

ಖರ್ಚಿಲ್ಲ, ಸಾಮಾನೂ ಬೇಡ. ನಿಮ್ಮ ಗಮನಕ್ಕಾಗಿ ಹಾರುವ ನಾಯಿಗೆ ಚೆನ್ನಾಗಿ ನಾಟುತ್ತದೆ. ಆದರೆ ಇದರಲ್ಲಿ ಎರಡು ಕಷ್ಟ ಇವೆ. ಎಷ್ಟೋ ಜನ ಅರ್ಧಕ್ಕೇ ಬಿಡುವುದು ಇವುಗಳಿಂದಲೇ.

ಶುರುವಿನಲ್ಲಿ ಹಾರಾಟ ಕಡಿಮೆಯಾಗುವ ಬದಲು ಜೋರಾಗುತ್ತದೆ. ಇಷ್ಟು ದಿನ ಹಾರಿದರೆ ಸಿಗುತ್ತಿದ್ದದ್ದು ಈಗ ಸಿಗುತ್ತಿಲ್ಲ. ಇನ್ನೂ ಎತ್ತರಕ್ಕೆ ಹಾರಿದರೆ ಸಿಗಬಹುದೇನೋ ಅಂತ ನಾಯಿ ನೋಡುತ್ತದೆ. ಬೊಗಳುತ್ತದೆ, ಬೆನ್ನಿಗೆ ಪಂಜ ಕೊಡುತ್ತದೆ, ಬಟ್ಟೆ ಎಳೆಯುತ್ತದೆ. ಲಿಫ್ಟ್ ಬರದಿದ್ದಾಗ ನಾವು ಗುಂಡಿಯನ್ನು ಹತ್ತು ಸಲ ಒತ್ತುವುದಿಲ್ಲವೇ, ಹಾಗೆ. ಇದು ಕೆಟ್ಟ ಲಕ್ಷಣ ಅಲ್ಲ, ಪಾಠ ತಟ್ಟುತ್ತಿದೆ ಅಂತ ಅರ್ಥ. ಆದರೆ ಆ ಹೊತ್ತಿಗೆ ಸೋತು "ಸಾಕು ಮಾರಾಯ" ಅಂತ ತಲೆ ಸವರಿದರೆ, ಜೋರಾಗಿ ಹಾರಿದರೆ ಸಿಗುತ್ತೆ ಅಂತ ಕಲಿಸಿದಂತೆ ಆಗುತ್ತದೆ.

ಎರಡನೆಯದು ಇನ್ನೂ ಕಷ್ಟ. ಹತ್ತು ಜನರಲ್ಲಿ ಒಬ್ಬರು ಮುದ್ದಿಸಿದರೂ ಹಾರುವ ಅಭ್ಯಾಸ ಉಳಿದುಬಿಡುತ್ತದೆ. ಯಾವಾಗಲಾದರೂ ಒಮ್ಮೆ ಸಿಗುವ ಬಹುಮಾನಕ್ಕೆ ಪ್ರಾಣಿಗಳು ಎಷ್ಟು ಅಂಟಿಕೊಳ್ಳುತ್ತವೆ ಅನ್ನುವುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳ, ಇಲಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ದಿನಾ ಸಿಗುವುದು ನಿಂತರೆ ಬೇಗ ಕೈಬಿಡುತ್ತವೆ. ಆಗೊಮ್ಮೆ ಈಗೊಮ್ಮೆ ಸಿಗುವುದನ್ನು ಸುಲಭಕ್ಕೆ ಬಿಡುವುದಿಲ್ಲ.

ನಮ್ಮ ನಾಯಿ ಬಿಂದು ಮನೆಗೆ ಬಂದಾಗ ಎಂಟು ತಿಂಗಳ ಹುಡುಗಿ. ನಾನು ಹಿಡಿದದ್ದು ಇದೇ ದಾರಿ. ಮೂರು ವಾರದಲ್ಲಿ ನನ್ನ ಮೇಲೆ ಹಾರುವುದನ್ನು ಬಿಟ್ಟಳು. ನನಗೋ ಗೆದ್ದ ಖುಷಿ. ಆದರೆ ಅಮ್ಮ ಬಂದರೆ ಹಾರುವುದು ನಿಲ್ಲಲೇ ಇಲ್ಲ. ಒಂದು ದಿನ ಪಕ್ಕದಲ್ಲಿ ನಿಂತು ಗಮನವಿಟ್ಟು ನೋಡಿದೆ. ಬಿಂದು ಹತ್ತಿರ ಬಂದ ಕೂಡಲೇ ಅಮ್ಮ "ಅಯ್ಯೋ ಅಯ್ಯೋ" ಅನ್ನುತ್ತಾ ಎರಡೂ ಕೈಯನ್ನು ಎದೆಯವರೆಗೆ ಎತ್ತುತ್ತಿದ್ದರು. ಬಿಂದುಗೆ ಅದು ಆಟಕ್ಕೆ ಕರೆದಂತೆ. ಮೇಲೆ ಹೋದ ಕೈಯ ಹಿಂದೆಯೇ ಅವಳ ಮೂತಿ, ಮೂತಿಯ ಹಿಂದೆ ಇಡೀ ಮೈ. ಅವತ್ತು ಉಗುರು ತಾಗಿ ಅಮ್ಮನ ಮುಂಗೈಯ ತೆಳು ಚರ್ಮ ಕಾಗದದ ಹಾಗೆ ಸುಲಿದುಬಂತು. ಅದನ್ನು ಕಂಡಾಗಿನ ಸಂಕಟ ಇನ್ನೂ ಮರೆತಿಲ್ಲ. ಹೆದರಿದವರಿಗೆ "ಸುಮ್ಮನೆ ನಿಲ್ಲಿ, ಗಮನ ಕೊಡಬೇಡಿ" ಅನ್ನುವುದು ತಪ್ಪು. ಅದು ಅವರಿಂದ ಆಗದ ಕೆಲಸ.

ಹಾಗಾಗಿ ಒಬ್ಬರೋ ಇಬ್ಬರೋ ಗಟ್ಟಿ ಆಳುಗಳು ಇರುವ, ನೆಂಟರು ಕಡಿಮೆ ಬರುವ, ನಾಯಿ ಚಿಕ್ಕದೋ ಮಧ್ಯಮವೋ ಆಗಿರುವ ಮನೆಗೆ ಇದು ಸಾಕು. ಉಳಿದವರು ಇದೊಂದನ್ನೇ ನಂಬಿ ಕೂರಬೇಡಿ.

ತಿಂಡಿ ನೆಲದ ಮೇಲೆ, ಕಾಲೂ ನೆಲದ ಮೇಲೆ

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ನಾಯಿ ಹಾರುವ ಮುಂಚೆಯೇ, ನಾಲ್ಕು ಕಾಲೂ ನೆಲದ ಮೇಲಿರುವಾಗಲೇ ಅದರ ಮುಂದೆ ನೆಲದ ಮೇಲೆ ಚಿಕ್ಕ ಚೂರು ತಿಂಡಿ ಹಾಕಬೇಕು. ಕೈಯಿಂದ ಕೊಡಬೇಡಿ, ನೆಲಕ್ಕೇ ಹಾಕಿ. ಕೈಯಿಂದ ಕೊಟ್ಟರೆ ಮೂತಿ ಮೇಲೆ ಏಳುತ್ತದೆ. ನೆಲಕ್ಕೆ ಹಾಕಿದರೆ ತಲೆ ತಗ್ಗುತ್ತದೆ. ಮೂಸುತ್ತಾ ಹುಡುಕುವ ನಾಯಿಗೆ ಅದೇ ಕ್ಷಣ ಹಾರಲು ಆಗುವುದಿಲ್ಲ.

ಗುಟ್ಟೆಲ್ಲಾ ಹೊತ್ತು ಹಿಡಿಯುವುದರಲ್ಲಿದೆ. ಹಾರುವ ಮುಂಚೆ ನಾಯಿಯ ಮೈ ಹೇಳುತ್ತದೆ. ಭಾರ ಹಿಂಗಾಲಿಗೆ ಜಾರುತ್ತದೆ, ಸೊಂಟ ಒಂದಿಷ್ಟು ಕುಸಿಯುತ್ತದೆ, ಮುಂಗಾಲ ಬೆರಳು ಒಮ್ಮೆ ಹಗುರವಾಗಿ ನೆಲ ತಟ್ಟುತ್ತದೆ, ಕಣ್ಣು ನಿಮ್ಮ ಮುಖಕ್ಕೆ ಏಳುತ್ತದೆ. ಇಷ್ಟಕ್ಕೆ ಒಂದು ಸೆಕೆಂಡೂ ಹಿಡಿಯಲ್ಲ. ಆ ಕುಸಿಯುವಿಕೆ ಕಾಣುವ ಮುಂಚೆ ತಿಂಡಿ ಬಿದ್ದಿರಬೇಕು. ಹಾರಿ ಇಳಿದ ಮೇಲೆ ಹಾಕುತ್ತಾ ಹೋದರೆ ನಾಯಿ ಜಾಣತನ ತೋರಿಸುತ್ತದೆ: ಹಾರು, ಇಳಿ, ತಿನ್ನು. ಹಾಗಾಗಿದ್ದರೆ ತಪ್ಪು ನಾಯಿಯದಲ್ಲ, ನಮ್ಮ ಕೈ ತಡವಾಗುತ್ತಿದೆ.

ಮೊದಲು ಮನೆಯವರು ಹತ್ತು ಹೆಜ್ಜೆ ದೂರದಿಂದ ನಡೆದುಬಂದು ಅಭ್ಯಾಸ ಮಾಡಿ. ಆಮೇಲೆ ಬಾಗಿಲಿನಿಂದ ಒಳಗೆ ಬರುವುದು, ಆಮೇಲೆ ಬೆಲ್ ಬಾರಿಸಿ ಬರುವುದು. ತಿಂಡಿಯನ್ನು ನಿಧಾನವಾಗಿ ಕಡಿಮೆ ಮಾಡಿ, ಬದಲಿಗೆ ಬಗ್ಗಿ ಎದೆಯ ಕಡೆ ಸವರಿ. ಎಷ್ಟೆಂದರೂ ಅದಕ್ಕೆ ಬೇಕಾಗಿದ್ದು ನೀವೇ.

ಇದರ ದೊಡ್ಡ ಅನುಕೂಲ ಅಂದರೆ ಯಾರು ಬೇಕಾದರೂ ಮಾಡಬಹುದು. ಬಾಗಿಲ ಪಕ್ಕ ಒಂದು ಡಬ್ಬಿ ಇಡಿ. ಬಂದವರ ಕೈಗೆ ನಾಲ್ಕು ಚೂರು ಕೊಟ್ಟು "ಇದನ್ನು ಕೆಳಗೆ ಹಾಕಿ" ಅಂದರೆ ಸಾಕು. ಅಮ್ಮನಿಗೂ ಇದು ಬಂತು, ಯಾಕೆಂದರೆ ಹೆದರಿದ ಕೈಗೂ ಈಗ ಒಂದು ಕೆಲಸ ಸಿಕ್ಕಿತು. ಕೈ ಮೇಲಕ್ಕೆ ಹೋಗುವ ಬದಲು ಕೆಳಕ್ಕೆ ಹೋಯಿತು.

ಕೊರತೆಯೂ ಇದೆ. ತಿಂಡಿ ಎಂದರೆ ಮೂಸಿಯೂ ನೋಡದ ನಾಯಿಗೆ ಇದು ನಡೆಯಲ್ಲ. ಮನೆಯಲ್ಲಿ ಎರಡು ನಾಯಿ ಇದ್ದರೆ ನೆಲದ ಚೂರಿಗೆ ಜಗಳ ಆಗಬಹುದು. ತೂಕದ ಮೇಲೂ ಕಣ್ಣಿಡಬೇಕು. ಬಹುಮಾನದ ತಿಂಡಿ ದಿನದ ಒಟ್ಟು ಕ್ಯಾಲೊರಿಯಲ್ಲಿ 10% ಮೀರಬಾರದು ಅಂತ ಪಶುವೈದ್ಯರು ಹೇಳುತ್ತಾರೆ. ದಿನದ ಊಟದಿಂದಲೇ ಒಂದು ಹಿಡಿ ತೆಗೆದಿಟ್ಟು ಬಳಸಿದರೆ ಖರ್ಚೂ ಇಲ್ಲ, ತೂಕದ ಚಿಂತೆಯೂ ಇಲ್ಲ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಕ್ಸೈಲಿಟಾಲ್ (ಸಕ್ಕರೆ ಬದಲು ಬಳಸುವ ವಸ್ತು) ಹಾಕಿದ ಸಿಹಿ ಇವು ನಾಯಿಗೆ ವಿಷ. ಬಂದವರು ತಮ್ಮ ಚೀಲದಿಂದ ಏನೋ ತೆಗೆದು ಕೊಡದಂತೆ ನೋಡಿಕೊಳ್ಳಿ.

ಕೂತರೆ ಮಾತ್ರ ಮುದ್ದು

ಕೂತ ನಾಯಿ ಹಾರುವುದಿಲ್ಲ. ಹಾಗಾಗಿ ಯಾರೇ ಬಂದರೂ ಕೂರು ಅಂತ ಕಲಿಸುವುದು ಇನ್ನೊಂದು ದಾರಿ. ಇದರ ಫಲ ನೋಡಲು ಚೆಂದ. ಬೀದಿಯಲ್ಲಿ ಅಪರಿಚಿತರು ಎದುರಾದಾಗಲೂ, ಪಶುವೈದ್ಯರ ಹತ್ತಿರ ಕಾಯುವಾಗಲೂ ಉಪಯೋಗಕ್ಕೆ ಬರುತ್ತದೆ. ಕೆಲವು ತಿಂಗಳ ನಂತರ ಹೇಳುವುದೇ ಬೇಡ, ಜನ ಬಂದದ್ದೇ ಕೂರಲು ಸೂಚನೆ ಆಗಿಬಿಡುತ್ತದೆ.

ಆದರೆ ಜನ ಇದನ್ನು ತೀರಾ ಸುಲಭ ಅಂದುಕೊಳ್ಳುತ್ತಾರೆ. ಅಡುಗೆಮನೆಯಲ್ಲಿ ಸದ್ದಿಲ್ಲದಾಗ ಕೂರುವ ನಾಯಿ ಬೆಲ್ ಸದ್ದಿಗೆ ಕೂರಲೇಬೇಕೆಂದೇನಿಲ್ಲ. ಬಿಂದು ಕೂರಲು ತಿಣುಕುತ್ತಿದ್ದುದು ಕಣ್ಣಿಗೆ ಕಟ್ಟಿದಂತಿದೆ. ಹಿಂಭಾಗ ನೆಲದಿಂದ ಎರಡು ಬೆರಳು ಮೇಲೆಯೇ ನಡುಗುತ್ತಿತ್ತು, ಬಾಲ ನೆಲ ಗುಡಿಸುತ್ತಿತ್ತು, ಗಂಟಲಲ್ಲಿ ಸಣ್ಣ ಕುಯ್‌ಗುಟ್ಟುವಿಕೆ. ಅವಳು ಮಾತು ಮೀರುತ್ತಿರಲಿಲ್ಲ, ಮೈ ಕೇಳುತ್ತಿರಲಿಲ್ಲ. ಅಷ್ಟು ಉದ್ರೇಕದಲ್ಲಿರುವ ನಾಯಿಗೆ "ಸಿಟ್, ಸಿಟ್, ಸಿಟ್" ಅಂತ ಹತ್ತು ಸಲ ಹೇಳಿದರೆ ಆ ಮಾತಿಗೇ ಬೆಲೆ ಹೋಗುತ್ತದೆ. ಅಂಥವಕ್ಕೆ ಮೊದಲು ನೆಲದ ತಿಂಡಿಯ ಪಾಠ ಆಗಲಿ. ಅದು ತಣ್ಣಗಾದ ಮೇಲೆ ಕೂರುವುದು ತಾನಾಗಿ ಬರುತ್ತದೆ. ಸೊಂಟದ ಕೀಲು ನೋವು ಇರುವ ನಾಯಿಗೆ ಪದೇ ಪದೇ ಕೂರಿಸಬೇಡಿ, ನಿಂತೇ ಇರಲಿ.

ದಿನಾ ಅಭ್ಯಾಸಕ್ಕೆ ಕೂರುವ ತಾಳ್ಮೆ ಇದ್ದರೆ, ನಾಯಿಯನ್ನು ಜನರ ನಡುವೆ ಜಾಸ್ತಿ ಕರೆದೊಯ್ಯುವುದಿದ್ದರೆ ಇದನ್ನೇ ಗುರಿ ಇಟ್ಟುಕೊಳ್ಳಿ.

ಗೇಟು, ಹಗ್ಗ, ಚಾಪೆ

ಇವುಗಳಲ್ಲಿ ಮೊದಲೆರಡು ಕಲಿಸುವ ವಿಧಾನ ಅಲ್ಲ, ತಡೆಯುವ ಏರ್ಪಾಡು. ಹಾಗಂತ ಕೀಳು ಅಲ್ಲ. ಪ್ರತಿ ಹಾರಾಟವೂ ನಾಯಿಗೆ ಒಂದು ಅಭ್ಯಾಸ. ಹಾರಲು ಅವಕಾಶ ಸಿಗದ ಪ್ರತಿ ಸಲವೂ ನಿಮಗೆ ಲಾಭ.

ಚಿಕ್ಕ ಮಕ್ಕಳಿಗೆ ಹಾಕುವಂಥ ಅಡ್ಡಗೇಟು ಬಾಗಿಲಿಗೂ ನಾಯಿಗೂ ನಡುವೆ ಇದ್ದರೆ ಅಜ್ಜಿ ನೆಮ್ಮದಿಯಾಗಿ ಒಳಗೆ ಬಂದು ಕೂರಬಹುದು. ನಾಯಿ ಗೇಟಿನ ಆಚೆ ನಾಲ್ಕು ಕಾಲಲ್ಲಿ ನಿಂತಾಗ ಹತ್ತಿರ ಹೋಗಿ ಮಾತಾಡಿಸಿ, ಗೇಟಿಗೆ ಕಾಲಿಟ್ಟರೆ ಎರಡು ಹೆಜ್ಜೆ ಹಿಂದೆ ಬನ್ನಿ. ಹೀಗೆ ಮಾಡಿದರೆ ಗೇಟೇ ಪಾಠವೂ ಆಗುತ್ತದೆ. ಒಮ್ಮೆ ಖರ್ಚು ಮಾಡಿದರೆ ಮುಗಿಯಿತು. ವಯಸ್ಸಾದವರು, ಮಕ್ಕಳು ಇರುವ ಮನೆಗೆ ನಾನು ಮೊದಲು ಹೇಳುವುದೇ ಇದನ್ನು, ಉಳಿದದ್ದೆಲ್ಲ ಆಮೇಲೆ.

ಗೇಟು ಹಾಕಲು ಜಾಗ ಇಲ್ಲದಿದ್ದರೆ ಹಗ್ಗ. ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ, ಕುತ್ತಿಗೆಯ ಬೆಲ್ಟ್‌ಗೆ ಬೇಡ. ಹಾರಿದಾಗ ಎಳೆತ ಕುತ್ತಿಗೆಗೆ ಬೀಳಬಾರದು. ಹಗ್ಗದ ಮೇಲೆ ಕಾಲಿಟ್ಟು ನಿಲ್ಲುವವರೂ ಇದ್ದಾರೆ. ಹಾಗೆ ಮಾಡುವುದಾದರೆ ನಾಯಿ ಆರಾಮಾಗಿ ನಿಲ್ಲುವಷ್ಟು ಸಡಿಲ ಇರಲೇಬೇಕು. ನಾಯಿ 30 ಕಿಲೋ ಇದ್ದು ನಿಮ್ಮ ಕಾಲು ಜಾರುವಂತಿದ್ದರೆ ಆ ಉಪಾಯ ಬಿಡಿ.

ಚಾಪೆಯ ಪಾಠ ಬೇರೆಯೇ ಮಟ್ಟದ್ದು. ಬೆಲ್ ಆದ ಕೂಡಲೇ ನಾಯಿ ತನ್ನ ಚಾಪೆಗೆ ಹೋಗಿ ಮಲಗಬೇಕು. ಬರಲು ವಾರಗಳಲ್ಲ, ತಿಂಗಳುಗಳೇ ಬೇಕು. ಜನ ತುಂಬಾ ಬಂದುಹೋಗುವ ಮನೆಗೆ ಇದು ಪಟ್ಟ ಶ್ರಮಕ್ಕೆ ತಕ್ಕ ಪಾಠ. ತಿಂಗಳಿಗೆ ಒಬ್ಬರು ಬರುವ ಮನೆಗೆ ಬೇಕಿಲ್ಲ.

ಹೇಳಿದಾಗ ಮಾತ್ರ ಹಾರು

ನಿಮಗೇ ನಾಯಿ ಹಾರುವುದು ಇಷ್ಟ ಇದ್ದರೆ ಮುಚ್ಚಿಡಬೇಡಿ. ಎದೆ ತಟ್ಟಿ ಕರೆದಾಗ ಮಾತ್ರ ಹಾರಬೇಕು ಅಂತ ಕಲಿಸಬಹುದು. ಆದರೆ ಕರೆಯದೆ ಹಾರಿದ್ದಕ್ಕೆ ಏನೂ ಸಿಗಬಾರದು. ನಮ್ಮಣ್ಣ "ಇರ್ಲಿ ಬಿಡೇ, ಖುಷಿಗೆ ಹಾರ್ತಾಳೆ" ಅನ್ನುತ್ತಿದ್ದ. ಅವನನ್ನು ಬದಲಾಯಿಸಲು ಹೋಗಿ ಜಗಳ ಆಡುವ ಬದಲು ಅವನಿಗೆ ಇದನ್ನು ಕೊಟ್ಟೆ. ಮೂಲ ಪಾಠ ಗಟ್ಟಿಯಾದ ಮೇಲೆ ಮಾತ್ರ, ಮನೆಯಲ್ಲಿ ಮಕ್ಕಳು ಇಲ್ಲದಿದ್ದರೆ ಮಾತ್ರ. ಮಕ್ಕಳು ಆಟದಲ್ಲಿ ತಮ್ಮ ಎದೆ ತಟ್ಟಿಕೊಂಡರೂ ನಾಯಿಗೆ ಅದೇ ಕರೆ.

ಮಂಡಿ, ಕಾಲು ತುಳಿತ, ಶಾಕ್ ಬೆಲ್ಟ್

ಇವನ್ನು ನಾನು ಆಯ್ಕೆಯಲ್ಲೇ ಸೇರಿಸುವುದಿಲ್ಲ. ಮಂಡಿ ಎತ್ತಿದರೆ ಪಕ್ಕೆಲುಬಿಗೆ ಪೆಟ್ಟಾಗಬಹುದು, ನೀವೇ ಆಯ ತಪ್ಪಿ ಬೀಳಬಹುದು. ಕೆಲವು ನಾಯಿಗಳು ಅದನ್ನು ಒರಟು ಆಟ ಅಂತ ತಿಳಿದು ಇನ್ನೂ ಹಾರುತ್ತವೆ. ಅದಕ್ಕಿಂತ ಕೆಟ್ಟದ್ದು, ಜನ ಹತ್ತಿರ ಬಂದರೆ ನೋವಾಗುತ್ತೆ ಅಂತ ಕಲಿತ ನಾಯಿ. ಪ್ರೀತಿಯಿಂದ ಓಡಿಬರುತ್ತಿದ್ದದ್ದು ಭಯದಿಂದ ಗುರುಗುಟ್ಟಬಹುದು. 2020ರಲ್ಲಿ ಪ್ರಕಟವಾದ ಪೋರ್ಚುಗಲ್‌ನ ಒಂದು ಅಧ್ಯಯನ 92 ಸಾಕುನಾಯಿಗಳನ್ನು ಹೋಲಿಸಿತು. ದಂಡಿಸಿ ಕಲಿಸುವ ಕಡೆಯ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಜಾಸ್ತಿ ಕಂಡವು, ತರಬೇತಿಯ ನಂತರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನ್ ಕೂಡ ಹೆಚ್ಚು ಏರಿತ್ತು. ಪ್ರಾಣಿ ವರ್ತನೆಯ ವಿಷಯದಲ್ಲಿ ಕೆಲಸ ಮಾಡುವ ಅಮೆರಿಕದ ಪಶುವೈದ್ಯರ ಸಂಘ 2021ರಲ್ಲಿ ಬಹುಮಾನದ ವಿಧಾನಗಳನ್ನೇ ಬಳಸಿ ಅಂತ ಹೇಳಿತು. ಶಾಕ್ ಕೊಡುವ ಬೆಲ್ಟನ್ನು ವೇಲ್ಸ್ 2010ರಲ್ಲೇ ನಿಷೇಧಿಸಿದೆ.

ದುಡ್ಡು ಕೊಟ್ಟು ಕಲಿಸುವುದಾದರೆ

ಗುಂಪಿನ ತರಗತಿ ಅಗ್ಗ. ಬೇರೆ ಜನ, ಬೇರೆ ನಾಯಿಗಳ ನಡುವೆ ಅಭ್ಯಾಸವೂ ಆಗುತ್ತದೆ. ಆದರೆ ನಿಮ್ಮ ಮನೆಯ ಬಾಗಿಲು ಅಲ್ಲಿ ಇರುವುದಿಲ್ಲ. ಮನೆಗೇ ಬರುವ ಟ್ರೈನರ್ ದುಬಾರಿ, ಆದರೆ ನಿಮ್ಮ ಕೈ ಎಲ್ಲಿ ತಡವಾಗುತ್ತಿದೆ ಅಂತ ಎರಡು ಮೂರು ಭೇಟಿಯಲ್ಲೇ ತೋರಿಸಬಲ್ಲರು. ಬಜೆಟ್ ಸಣ್ಣದಿದ್ದರೆ ಆ ಎರಡು ಭೇಟಿಗೆ ಖರ್ಚು ಮಾಡಿ, ಮನೆಯವರೆಲ್ಲ ಇರುವ ಹೊತ್ತಿಗೇ ಕರೆಸಿ.

ನಾಯಿಯನ್ನು ಕೆಲವು ವಾರ ಬಿಟ್ಟುಬರುವ ತರಬೇತಿ ಎಲ್ಲಕ್ಕಿಂತ ದುಬಾರಿ, ಈ ತೊಂದರೆಗೆ ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು. ಅಲ್ಲಿ ನಾಯಿ ಟ್ರೈನರ್ ಮುಂದೆ ಕೂರಲು ಕಲಿಯುತ್ತದೆ. ನಿಮ್ಮ ಮನೆಯ ಅಮ್ಮ, ಅಣ್ಣ, ನೆಂಟರು ಹಾಗೇ ಇರುತ್ತಾರಲ್ಲ! ಯಾರನ್ನೇ ಗೊತ್ತುಮಾಡಿದರೂ ಒಂದು ಪ್ರಶ್ನೆ ಕೇಳಿ: ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ? ಉತ್ತರ ಹಾರಿಸಿದರೆ ಅಥವಾ "ಯಜಮಾನ ಯಾರು ಅಂತ ತೋರಿಸಬೇಕು" ಅಂದರೆ ಅಲ್ಲಿಂದ ಎದ್ದುಬನ್ನಿ.

ಇನ್ನೊಂದು ಮಾತು. ದಿನಕ್ಕೆ ಬೇಕಾದಷ್ಟು ನಡಿಗೆ, ಮೂಸಾಟ, ಅಗಿಯಲು ಏನಾದರೂ ಇಲ್ಲದ ಎಳೆ ನಾಯಿಗೆ ಯಾವ ಪಾಠವೂ ಪೂರ್ತಿ ಹತ್ತುವುದಿಲ್ಲ. ಆದರೆ ಬರೀ ಓಡಿಸಿ ದಣಿಸಿದರೆ ಹಾರೋದು ನಿಲ್ಲುತ್ತೆ ಅನ್ನುವುದೂ ಸರಿಯಲ್ಲ. ದಣಿವು ಆರುತ್ತದೆ, ಅಭ್ಯಾಸ ಉಳಿಯುತ್ತದೆ. ನೆಂಟರು ಬರುವ ಮುಂಚೆ ಹತ್ತು ನಿಮಿಷ ತಿಂಡಿ ಮೂಸಿ ಹುಡುಕುವ ಆಟ ಆಡಿಸಿ, ಅದರಿಂದ ನಾಯಿ ಶಾಂತವಾಗುತ್ತದೆ.

ಎರಡು ದಾರಿ ಸೇರಿಸಬಹುದೇ?

ಸೇರಿಸಲೇಬೇಕು. ನಮ್ಮ ಮನೆಯಲ್ಲಿ ಕೊನೆಗೆ ನಿಂತದ್ದು ಗೇಟು ಮತ್ತು ನೆಲದ ತಿಂಡಿ, ನನ್ನ ಮಟ್ಟಿಗೆ ಬೆನ್ನು ತಿರುಗಿಸುವುದು. ಆದರೆ ಒಂದು ಜೋಡಿ ಹಿಡಿದ ಮೇಲೆ ಮೂರು ವಾರ ಬದಲಾಯಿಸಬೇಡಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಕ್ಕೆ ಎಷ್ಟು ಸಲ ಹಾರಿತು ಅಂತ ಗೀಟು ಹಾಕಿ. ಮೊದಲ ವಾರ ಏರಬಹುದು, ಹೆದರಬೇಡಿ. ಮೂರನೇ ವಾರವೂ ಇಳಿದಿಲ್ಲ ಅಂದರೆ ಮನೆಯಲ್ಲಿ ಯಾರೋ ಒಬ್ಬರು ಗುಟ್ಟಾಗಿ ಮುದ್ದಿಸುತ್ತಿರಬಹುದು. ಮೊದಲು ಅವರನ್ನು ಪತ್ತೆ ಮಾಡಿ. ಎಲ್ಲರೂ ಸರಿಯಾಗಿ ಮಾಡುತ್ತಿದ್ದರೆ ಮಾತ್ರ ದಾರಿ ಬದಲಿಸಿ.

ಗೇಟು ಯಾವಾಗ ತೆಗೆಯೋದು ಅಂತಲೂ ತುಂಬಾ ಜನ ಕೇಳುತ್ತಾರೆ. ಬಂದವರು ಯಾರೇ ಆಗಿರಲಿ, ನಾಯಿ ಗೇಟಿಗೆ ಕಾಲು ಹಾಕದೆ ಸತತ ಹತ್ತು ಸಲ ನಿಂತಿತು ಅಂದರೆ ಹನ್ನೊಂದನೇ ಸಲ ಗೇಟು ತೆಗೆಯಿರಿ, ಹಗ್ಗ ಮಾತ್ರ ಹಾರ್ನೆಸ್‌ನಲ್ಲೇ ಇರಲಿ. ಅದೂ ಸಲೀಸಾದರೆ ಹಗ್ಗ ನೆಲದ ಮೇಲೆ ಎಳೆದಾಡಲಿ, ನೀವು ಹತ್ತಿರ ಇರಿ. ಒಂದೇ ಒಂದು ಹಾರಾಟ ಆದರೂ ಮತ್ತೆ ಗೇಟಿಗೆ ಹೋಗಿ, ಬೇಸರ ಬೇಡ. ಬಿಂದುಗೆ ಹಗ್ಗ ಬಿಚ್ಚಲು ನಾಲ್ಕು ತಿಂಗಳು ಬೇಕಾಯಿತು. ಗೇಟು ಈಗಲೂ ಬಾಗಿಲ ಹಿಂದೆ ಒರಗಿದೆ. ಚಿಕ್ಕ ಮಕ್ಕಳು ಬರುವ ದಿನ ಅದನ್ನು ಹಾಕುತ್ತೇವೆ.